ಬಾಯಿಗೆ ಕಾವಲು

ಚಾಕು ಡಾಕ್ಟರಮ್ಮನ ಕತ್ತಿನ ಮೇಲಿತ್ತು!

ಆಸ್ಪತ್ರೆಯ ಲಾಂಡ್ರಿ ರೂಮು. ಒದ್ದೆ ಬೆಡ್‌ಶೀಟುಗಳ ವಾಸನೆ. ಅವರ ಜುಟ್ಟು ಗೂಳಿಯ ಮುಷ್ಟಿಯಲ್ಲಿ. ಗೂಳಿ ನಮ್ಮ ಧಣಿಯ ಬಲಗೈ. ಬುದ್ಧಿಯೂ ಹೆಸರಿಗೆ ತಕ್ಕಷ್ಟೇ.

"ಬಿಡೋ ಅವರನ್ನ!" ಅಂದೆ.

"ನೀನು ನಡುವೆ ಬರಬೇಡ. ಧಣಿ ಆರ್ಡರ್ರು! ಧಣಿ ಹೊಟ್ಟೆಗೆ ತೂತು ಹಾಕಿ, ಆಪರೇಷನ್ ಮಾಡ್ದೆ ಹೊಲಿದುಬಿಟ್ಟಿದ್ದಾಳೆ. ಯಾರ ಹತ್ರ ದುಡ್ಡು ತಿಂದೆ, ಹೇಳೇ!"

ಸ್ವಲ್ಪ ತಡೀರಿ, ಹಿಂದಿನದು ಹೇಳಿಬಿಡ್ತೀನಿ.

ಧಣಿಯ ರಗಳೆಗಳನ್ನೆಲ್ಲ ಬಗೆಹರಿಸೋದು ನನ್ನ ಕಸುಬು. ಈ ಸಲದ್ದು ತೂಕ ಇಳಿಸೋ ಆಪರೇಷನ್. ಧಣಿಗೂ, ಅವನ ತಂಗಿಗೂ ಒಂದೇ ದಿನ. ಅದಕ್ಕೆ ಮುಂಚೆ ಎರಡು ವಾರ ಇಬ್ಬರೂ ಬರೀ ನೀರುನೀರಾದದ್ದನ್ನೇ ಕುಡೀಬೇಕು. ಲಿವರ್ ಕುಗ್ಗಿದರಷ್ಟೇ ಅದನ್ನೆತ್ತಿ ಕೆಳಗಿನ ಜಠರ ಮುಟ್ಟೋಕಾಗೋದು.

"ತಂಗಿ ಬಾಯಿಗೆ ಕಾವಲಿರು," ಅಂದಿದ್ದ ಧಣಿ. "ಅವಳು ಬಾಗಿಲಲ್ಲೇ ಹಿಡಿಸಲ್ಲ. ನಂದೇನು, ಬರೀ ಹೊಟ್ಟೆ!"

ಡಾಕ್ಟರಮ್ಮ ಅವತ್ತೇ ಧಣಿಯನ್ನು ಎಚ್ಚರಿಸಿದ್ದರು. "ತೂಕ ನೋಡಿ ಮೋಸ ಹೋಗ್ಬೇಡಿ. ಹೆಂಗಸರಿಗೆ ಕೊಬ್ಬು ಹೆಚ್ಚಾಗಿ ಸೊಂಟ, ತೊಡೆ, ಚರ್ಮದ ಕೆಳಗೆ ಕೂರುತ್ತೆ. ಗಂಡಸರಿಗೆ ಹೊಟ್ಟೆಯೊಳಗೆ, ಲಿವರ್ ಮೇಲೆ. ನಿಮ್ಮಿಬ್ಬರಲ್ಲಿ ಕೆಟ್ಟಿರೋದು ನಿಮ್ಮ ಲಿವರ್ರು. ಬಾಯಿ ಕಟ್ಟದಿದ್ರೆ ಆಪರೇಷನ್ನೂ ಇಲ್ಲ, ಆಯುಸ್ಸೂ ಇಲ್ಲ."

ಧಣಿ ನಕ್ಕ. ತಂಗಿ ನಗಲಿಲ್ಲ... ಕಿವಿಗೊಟ್ಟು ಕೇಳಿಸಿಕೊಂಡಳು.

ಅವಳ ಗಂಡನನ್ನು ಲಾರಿಯಡಿ ಹಾಕಿಸಿದ್ದು ಇದೇ ಅಣ್ಣ. ಅದು ಅವಳಿಗೆ ಗೊತ್ತಿಲ್ಲ ಅಂದುಕೊಂಡಿದ್ದವನು ಅವನೊಬ್ಬನೇ.

ಸರಿ, ಲಾಂಡ್ರಿಗೆ ಬನ್ನಿ.

ಬಟ್ಟೆಯ ಟ್ರಾಲಿಯನ್ನು ಝಾಡಿಸಿ ಒದ್ದೆ!

ಗೂಳಿಯ ಮೊಣಕಾಲಿಗೆ ಬಡಿಯಿತು. ಚಾಕು ಜಾರಿತು. ಡಾಕ್ಟರಮ್ಮನ ಕೈ ಹಿಡಿದು ಓಡಿದೆ. ಕಾರಿಡಾರು... ಮೆಟ್ಟಿಲು... ಹಿಂದೆ ಗೂಳಿಯ ಬೂಟಿನ ಸದ್ದು!

"ಹೊರಗೆ?" ಅಂದರು ಅವರು.

"ಹೊರಗೂ ಅವನ ಜನವೇ. ಧಣಿ ರೂಮಿಗೆ!"

ಧಣಿ ಮಂಚದ ಮೇಲಿದ್ದ, ಪಿಸ್ತೂಲು ತೊಡೆಯ ಮೇಲಿತ್ತು. ಪಕ್ಕದ ಮಂಚದಲ್ಲಿ ತಂಗಿ. ಅವಳ ಆಪರೇಷನ್ ಸಲೀಸಾಗಿ ಮುಗಿದಿತ್ತು.

"ನಿಮ್ಮ ಲಿವರ್ ಎತ್ತೋಕೇ ಆಗ್ಲಿಲ್ಲ," ಡಾಕ್ಟರಮ್ಮ ಏದುಸಿರಲ್ಲೇ ಅಂದರು. "ಮುಟ್ಟಿದ್ರೆ ರಕ್ತ! ಮುಂದುವರಿಸಿದ್ರೆ ಟೇಬಲ್ ಮೇಲೇ ಹೋಗ್ತಿದ್ರಿ. ಎರಡು ವಾರ ಏನು ತಿಂದ್ರಿ?"

ಧಣಿ ಮುಖ ಆಚೆ ತಿರುಗಿಸಿದ.

"ಯಾರು ತಂದುಕೊಟ್ರು ಧಣಿ?" ಅಂದೆ.

ಅಷ್ಟರಲ್ಲಿ ಗೂಳಿ ಒಳಗೆ ನುಗ್ಗಿದ. ಪಿಸ್ತೂಲು ಅವನ ಕಡೆ ತಿರುಗಿತು!

"ಧಣೀ... ನಾನು ಬರೀ ಡಬ್ಬಿ ಹೊತ್ತವನು! ಹೋಟೆಲ್ ಊಟ ಅಂದಿದ್ದು ಸುಳ್ಳು, ಮಾಡಿಕೊಟ್ಟಿದ್ದು ನಿಮ್ಮ ತಂಗಿ!"

ಪಿಸ್ತೂಲು ಪಕ್ಕದ ಮಂಚಕ್ಕೆ ತಿರುಗಿತು.

ಆಗ ನನಗೆ ಹೊಳೆಯಿತು. ಎರಡು ವಾರ ಅವಳ ಅಡುಗೆಮನೆಯಲ್ಲೇ ಕೂತಿದ್ದೆನಲ್ಲ! ಬೆಣ್ಣೆ ಸುರಿದು ಮಾಂಸ ಹುರೀತಿದ್ದಳು. ಕೇಳಿದರೆ ಆಳುಗಳಿಗೆ ಅಂತಿದ್ದಳು. ಒಂದು ಚೂರೂ ಬಾಯಿಗಿಡಲಿಲ್ಲ. ಭೇಷ್ ಅಂದುಕೊಂಡಿದ್ದೆ!

"ಹಸಿವು ಅಂತ ಫೋನಲ್ಲಿ ಮಗು ಥರ ಅತ್ತೆಯಲ್ಲ, ಅಣ್ಣ..." ತಂಗಿಯ ದನಿ ನಡುಗಿತು. "ಅಮ್ಮ ಹೋದಮೇಲೆ ನಿನಗೆ ಇನ್ಯಾರಿದ್ದಾರೆ? ಕರುಳು ತಡೀಲಿಲ್ಲ."

ಪಿಸ್ತೂಲು ಕೆಳಗಿಳಿಯಿತು. ಎಷ್ಟು ಮನೆ ಹಾಳು ಮಾಡಿದ್ದನೋ... ಆ ಕಣ್ಣಲ್ಲಿ ನೀರು!

"ಡಾಕ್ಟರನ್ನ ಬಿಡ್ರೋ," ಅಂದ.

"ಲಿವರ್ ಗಟ್ಟಿಯಾಗ್ತಿದೆ," ಅಂದರು ಡಾಕ್ಟರಮ್ಮ. "ಇನ್ನಾದ್ರೂ ಬಾಯಿ ಕಟ್ಟಿ. ಇಲ್ಲದಿದ್ರೆ ಬಹಳ ದಿನ ಉಳಿಯಲ್ಲ."

"ನಾಳೆಯಿಂದ," ಅಂದ ಧಣಿ. ಅವರು ಹೊರಟುಹೋದರು.

ತಂಗಿ ಅಣ್ಣನ ಕೈ ಸವರಿದಳು. "ಮನೆಗೆ ಹೋದ ತಕ್ಷಣ ಏನು ಮಾಡಿಕೊಡ್ಲಿ?"

ಕೇಳಿದ್ದು ಅವನನ್ನು. ನೋಡಿದ್ದು ನನ್ನನ್ನು. ಅವಳ ಕಣ್ಣು ಒಣಗಿತ್ತು.

ನಾನೊಂದು ಮಾತಾಡಿದ್ದರೆ ಅವಳ ಕತೆ ಅಲ್ಲೇ ಮುಗೀತಿತ್ತು. ಆಡಲಿಲ್ಲ.

ಧಣಿ ನನಗೆ ಒಪ್ಪಿಸಿದ್ದು ಅವಳ ಬಾಯಿ ಕಾಯೋ ಕೆಲಸ... ಕೈ ಕಾಯೋದಲ್ಲ!