ಸಂಬಂಧವಿಲ್ಲವೆಂದು ಸಹಿ ಹಾಕಿದವನು

“ನಾಚಿಕೆ ಆಗಲ್ವಾ ನಿಮಗೆ? ಎರಡು ವರ್ಷ ಎದುರಿಗೆ ಕೂತು ಚಹಾ ಕುಡಿದು, ಬೆನ್ನ ಹಿಂದೆ ಹೀಗೆ ಬರೆಯೋದಕ್ಕೆ!”

ಎರಡು ಹಾಳೆಗಳನ್ನು ಅವಳು ಮೇಜಿನ ಮೇಲೆ ಬಡಿದಳು. ಪೆನ್ನಿನ ಡಬ್ಬಿ ಉರುಳಿ ಪೆನ್ನುಗಳೆಲ್ಲ ನೆಲಕ್ಕೆ ಚೆಲ್ಲಿದವು. ಸಂಖ್ಯಾಶಾಸ್ತ್ರದ ಮೇಷ್ಟ್ರು ಕುರ್ಚಿಯಲ್ಲೇ ಹಿಂದಕ್ಕೆ ಸರಿದ.

“ನಾನೇ ಬರೆದೆ ಅಂತ ಯಾರು ಹೇಳಿದ್ರು?”

“ಯಾರಾದರೂ ಹೇಳಬೇಕಾ? ಪ್ರತಿ ಸಂಖ್ಯೆಗೂ ಪಾಯಿಂಟ್ ಆದಮೇಲೆ ಮೂರು ಅಂಕಿ ಬರೆಯೋ ಪ್ರಾಣಿ ಈ ವಿಶ್ವವಿದ್ಯಾಲಯದಲ್ಲಿ ಒಂದೇ ಇರೋದು! ‘ವಿನಯದಿಂದ ಹೇಳುವುದಾದರೆ’ ಅಂತ ಏಳು ಸಲ ಬರೆದಿದೀರಿ. ಏಳು ಸಲ ವಿನಯವಾಗಿ ಕತ್ತು ಕೊಯ್ದಿದೀರಿ!”

ವಿದ್ಯಾರ್ಥಿಗಳು ಅವನಿಗೆ ‘ಪಾಯಿಂಟ್ ಮೇಷ್ಟ್ರು’ ಅಂತ ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಅವಳಿಗೂ ಒಂದು ಹೆಸರಿತ್ತು, ‘ನಿದ್ದೆ ಮೇಡಂ’. ಮನಶ್ಶಾಸ್ತ್ರ ವಿಭಾಗದಲ್ಲಿ ಕೂತು ಮೂರು ವರ್ಷದಿಂದ ಅವಳು ಮಾಡಿದ್ದು ಒಂದೇ ಕೆಲಸ. ದೂರದೂರಿಗೆ ಬಸ್ ಓಡಿಸುವ ಚಾಲಕರು ದಿನಕ್ಕೆ ಎಷ್ಟು ಗಂಟೆ ನಿದ್ದೆ ಮಾಡುತ್ತಾರೆ ಎಂದು ಲೆಕ್ಕ ಹಾಕುವುದು. ಬೆಳಗಿನ ಜಾವ ಡಿಪೋಗೆ ಹೋಗಿ, ಇಳಿದು ಬಂದ ಚಾಲಕರ ಕೈಗೆ ಒಂದು ಗುಂಡಿ ಕೊಟ್ಟು, ದೀಪ ಹೊತ್ತಿದಾಗ ಒತ್ತಿ ಅನ್ನುತ್ತಿದ್ದಳು. ಕೆಲವರು ದೀಪ ಹೊತ್ತಿ ಆರಿದ ಮೇಲೂ ಒತ್ತುತ್ತಿರಲಿಲ್ಲ. ಕಣ್ಣು ತೆರೆದೇ ಇರುತ್ತಿತ್ತು!

“ನೋಡಿ... ಬರೆದವರು ಯಾರು ಅಂತ ನಾನು ಹೇಳೋ ಹಾಗಿಲ್ಲ,” ಎಂದ ಅವನು, ಪೆನ್ನು ಹೆಕ್ಕುತ್ತ. “ಆದರೆ ಅದರಲ್ಲಿರೋ ತಪ್ಪುಗಳು ತಪ್ಪೇ ಅಲ್ವಾ? ತಿದ್ದಿಕೊಂಡರೆ ಆಯ್ತಪ್ಪ. ಇಷ್ಟಕ್ಕೆಲ್ಲಾ ಹೀಗೆ ಕೂಗಾಡ್ತಾರಾ?”

ಇಷ್ಟಕ್ಕೆಲ್ಲಾ!

ಅವಳು ಬ್ಯಾಗನ್ನು ಎದೆಗೊತ್ತಿ ಹಿಡಿದಳು. ಬ್ಯಾಗಿನಲ್ಲಿ ಆ ದಿನ ಬೆಳಿಗ್ಗೆ ಬಂದ ಇನ್ನೊಂದು ಪತ್ರವಿತ್ತು. ‘ತಜ್ಞರ ವರದಿಯಲ್ಲಿ ಕಂಡ ದೋಷಗಳ ಕಾರಣ ತಮ್ಮ ಸೇವೆಯನ್ನು ಖಾಯಂಗೊಳಿಸಲು ಸಾಧ್ಯವಿಲ್ಲ. ತಿಂಗಳ ಕೊನೆಗೆ ಕೊಠಡಿ ತೆರವು ಮಾಡತಕ್ಕದ್ದು.’ ಮೂರು ವರ್ಷದ ಪರೀಕ್ಷಾ ಅವಧಿ ಮುಗಿದು ಖಾಯಂ ಪತ್ರಕ್ಕೆ ಕಾಯುತ್ತಿದ್ದವಳಿಗೆ ಸಿಕ್ಕಿದ್ದು ಇದು, ಜೊತೆಗೆ ಹೆಸರಿಲ್ಲದ ಈ ಎರಡು ಹಾಳೆ.

ನನ್ನ ಅನ್ನ ಕಿತ್ತುಕೊಂಡು ‘ಇಷ್ಟಕ್ಕೆಲ್ಲಾ’ ಅಂತಾನಲ್ಲ... ಈ ಮನುಷ್ಯನಿಗಾಗಿಯಾ ನಾನು ದಿನಾ ಚಹಾಕ್ಕೆ ನಾಲ್ಕು ಗಂಟೆ ಆಗೋದನ್ನೇ ಕಾಯ್ತಿದ್ದೆ?

“ಇನ್ನು ಮೇಲೆ ನನ್ನ ಎದುರಿಗೆ ಬರಬೇಡಿ,” ಎಂದಳು. ಧ್ವನಿ ಇದ್ದಕ್ಕಿದ್ದಂತೆ ತಣ್ಣಗಾಗಿತ್ತು. ಹಾಳೆಗಳನ್ನು ಬಾಚಿಕೊಂಡು ಹೊರಟೇಹೋದಳು.

ಅವನು ಪೆನ್ನು ಹಿಡಿದು ಹಾಗೇ ಕೂತ. ವಿಮರ್ಶೆ ತಡೆಯಲಾರದೆ ಸಿಟ್ಟು ಮಾಡಿಕೊಂಡಿದ್ದಾಳೆ, ನಾಳೆ ಸರಿಹೋಗುತ್ತಾಳೆ ಅಂದುಕೊಂಡ. ಒಳ್ಳೆಯ ಮನುಷ್ಯನೇ. ಆದರೆ ಎದುರಿಗೆ ನಿಂತವಳ ಮುಖ ಓದುವುದರಲ್ಲಿ ಶುದ್ಧ ದಡ್ಡ!

* * *

ಮನೆಯಲ್ಲಿ ಅಪ್ಪ ಬಾಗಿಲಲ್ಲೇ ಕೂತಿದ್ದರು. ಮೂವತ್ತು ವರ್ಷ ಲಾರಿ ಓಡಿಸಿ ಸೊಂಟ ಕಳೆದುಕೊಂಡ ಜೀವ.

“ಸಿಹಿ ಎಲ್ಲಿ ಮಗಳೇ? ಇವತ್ತು ಖಾಯಂ ಆಗುತ್ತೆ ಅಂದಿದ್ದೆ?”

ಅವಳು ಪತ್ರವನ್ನೂ, ಏಳು ತಪ್ಪು ಪಟ್ಟಿ ಮಾಡಿದ್ದ ಆ ಎರಡು ಹಾಳೆಗಳನ್ನೂ ಕೊಟ್ಟಳು. ಅಪ್ಪ ಕನ್ನಡಕ ಹಾಕಿಕೊಂಡು ಒಮ್ಮೆ ಓದಿದರು. ಕನ್ನಡಕ ಒರೆಸಿ ಮತ್ತೊಮ್ಮೆ ಓದಿದರು.

“ಆ ಏಳು ತಪ್ಪು... ನಿಜಾನಾ?”

“ನಾಲ್ಕು ನಿಜ. ಮೂರು ಬರೀ ಕಿರಿಕಿರಿ,” ಮೂಗು ಒರೆಸಿಕೊಂಡಳು. “ಆದರೆ ಒಂದೂ ನನ್ನ ಫಲಿತಾಂಶ ಬದಲಾಯಿಸಲ್ಲ ಅಪ್ಪಾ. ಆ ದೊಡ್ಡ ಬಸ್ ಕಂಪನಿ ಚಾಲಕರು ದಿನಕ್ಕೆ ನಾಲ್ಕು ಗಂಟೆ ಮಲಗ್ತಾರೆ. ಅದು ನಿಜ. ಅದೇ ಕಂಪನಿ ನಮ್ಮ ವಿಶ್ವವಿದ್ಯಾಲಯಕ್ಕೆ ಗ್ರಂಥಾಲಯ ಕಟ್ಟಿಸಿಕೊಡ್ತಿದೆ. ಅದೂ ನಿಜ!”

“ಹಾಗಾದ್ರೆ ನಿನ್ನ ಸಿಟ್ಟು ಕಂಪನಿ ಮೇಲೆ ಇರಬೇಕು. ಆ ಮೇಷ್ಟ್ರ ಮೇಲೆ ಯಾಕೆ ಇಷ್ಟು?”

ಅವಳು ಮುಖ ತಿರುಗಿಸಿ ಚಪ್ಪಲಿ ಬಿಚ್ಚತೊಡಗಿದಳು. ಅದನ್ನು ನೋಡಿಯೇ ಅಪ್ಪನಿಗೆ ಎಲ್ಲಾ ಅರ್ಥವಾಯಿತು.

“ಓಹೋ...” ಎಂದರು.

ಆಡಳಿತ ಮಂಡಳಿಯ ಮುಂದೆ ಒಂದು ಸಲ, ಹತ್ತು ನಿಮಿಷ ಮಾತಾಡಲು ಅವಳಿಗೆ ಹಕ್ಕಿತ್ತು. ಗುರುವಾರ. ಉಳಿದದ್ದು ಮೂರೇ ದಿನ.

* * *

ಮಾರನೆಯ ದಿನ ಟಪಾಲು ವಿಭಾಗದ ಹಿರಿಯ ಗುಮಾಸ್ತೆ ಪಾಯಿಂಟ್ ಮೇಷ್ಟ್ರ ಕೊಠಡಿಗೆ ಬಂದಳು. ಎಲ್ಲರೂ ಅವಳನ್ನು ಅಕ್ಕ ಅಂತಲೇ ಕರೆಯುವುದು. ಕಾಗದಗಳನ್ನು ಮೇಜಿನ ಮೇಲೆ ಇಡಲಿಲ್ಲ, ಎಸೆದಳು.

“ಯಾಕಕ್ಕಾ, ಏನಾಯ್ತು?”

“ಏನಾಗ್ಬೇಕು? ನಿದ್ದೆ ಮೇಡಂ ಕೊಠಡಿ ಬೀಗದ ಕೈ ವಾಪಸ್ ತಗೊಳ್ಳೋ ಆದೇಶ ಟೈಪ್ ಮಾಡಿ ಬಂದೆ. ತಮ್ಮ ಕೃಪೆ!”

“ಬೀಗದ ಕೈ? ಯಾಕೆ?”

ಅಕ್ಕ ಅವನ ಮುಖವನ್ನೇ ನೋಡಿದಳು. “ಅಯ್ಯೋ ದೇವರೇ! ನಿಮಗೆ ಗೊತ್ತೇ ಇಲ್ವಾ? ಕೆಲಸದಿಂದ ತೆಗೆದಿದಾರೆ ಕಣ್ರೀ! ನಿಮ್ಮ ವರದಿ ತೋರಿಸಿಯೇ ತೆಗೆದಿರೋದು!”

ಅವನು ಎದ್ದು ನಿಂತ. ಏಕೆ ನಿಂತನೋ ಅವನಿಗೇ ಗೊತ್ತಿಲ್ಲ.

“ಸಾಧ್ಯವೇ ಇಲ್ಲ. ಮೂರನೇ ಪುಟದಲ್ಲಿ ಸ್ಪಷ್ಟವಾಗಿ ಬರೆದಿದೀನಿ...”

“ಎಲ್ಲಿಯ ಮೂರನೇ ಪುಟ? ನಾನು ಲಕೋಟೆಗೆ ಹಾಕಿದ್ದು ಎರಡೇ.”

ಎರಡೇ!

ಅವನ ಕೆಲಸದ ರೀತಿಯೇ ಹಾಗೆ. ಮೊದಲು ತಪ್ಪುಗಳನ್ನೆಲ್ಲ ಒಂದೂ ಬಿಡದೆ ಪಟ್ಟಿ ಮಾಡುವುದು. ತೀರ್ಮಾನ ಕೊನೆಯ ಪುಟಕ್ಕೆ. ಆ ಕೊನೆಯ ಪುಟದಲ್ಲಿ ಅವನು ಬರೆದಿದ್ದ: ‘ಈ ದೋಷಗಳು ಚಿಕ್ಕವು. ಇಂಥ ಧೈರ್ಯದ, ಪ್ರಾಮಾಣಿಕ ಸಂಶೋಧನೆಯನ್ನು ನಾನು ಹತ್ತು ವರ್ಷದಲ್ಲಿ ಓದಿಲ್ಲ. ಇವರನ್ನು ತಕ್ಷಣ ಖಾಯಂ ಮಾಡಬೇಕು.’

ಓಡುತ್ತಲೇ ಡೀನ್ ಕೊಠಡಿಗೆ ಹೋದ. ಡೀನ್ ಹಣ್ಣಿನ ಸಿಪ್ಪೆ ಬಿಡಿಸುತ್ತ ಕೂತಿದ್ದರು.

“ಸರ್, ಮೂರನೇ ಪುಟ ಎಲ್ಲಿ?”

“ಕೂತ್ಕೊಳ್ಳಿ. ನಾವು ಒಂದಕ್ಷರ ಸುಳ್ಳು ಸೇರಿಸಿದ್ವಾ? ಇಲ್ಲ. ಬೇಕಾದಷ್ಟು ಬಳಸಿಕೊಂಡ್ವಿ, ಅಷ್ಟೇ.”

ಇಷ್ಟು ಸಲೀಸಾಗಿ ಹೇಳುತ್ತಾರಲ್ಲ!

“ನಾನು ಎಲ್ಲರಿಗೂ ಹೇಳ್ತೀನಿ.”

“ಹೇಳಿ. ವರದಿ ಗುಟ್ಟಾಗಿಡ್ತೀನಿ ಅಂತ ಸಹಿ ಮಾಡಿದೀರಿ. ಮುರಿದರೆ ನಿಮ್ಮ ನೌಕರಿನೂ ಹೋಗುತ್ತೆ, ಅವಳಿಗೂ ಏನೂ ಸಿಗಲ್ಲ. ಏಳು ತಪ್ಪು ಏಳು ತಪ್ಪೇ,” ಡೀನ್ ಒಂದು ತೊಳೆ ಬಾಯಿಗೆ ಹಾಕಿಕೊಂಡರು. “ಅದೇ ಹಾಳೆಯಲ್ಲಿ ಇನ್ನೂ ಒಂದು ಸಹಿ ಇದೆ. ಅಭ್ಯರ್ಥಿಗೂ ನಿಮಗೂ ಯಾವ ವೈಯಕ್ತಿಕ ಸಂಬಂಧವೂ ಇಲ್ಲ ಅಂತ. ನಿಮ್ಮ ವರದಿಗೆ ಬಲ ಬಂದಿರೋದೇ ಅದರಿಂದ.”

ಅವನು ಬಾಗಿಲ ತನಕ ಹೋಗಿ ನಿಂತ.

“ಸಂಬಂಧ ಇದ್ದಿದ್ರೆ?”

“ವರದಿ ರದ್ದು. ಯಾಕೆ?”

“ಏನಿಲ್ಲ ಸರ್. ನಿಯಮ ಗೊತ್ತಿರಲಿ ಅಂತ.”

ಆ ದಿನ ಅವಳಿಗೆ ಹನ್ನೊಂದು ಸಲ ಫೋನ್ ಮಾಡಿದ. ಹನ್ನೊಂದು ಸಲವೂ ಅವಳು ಕಟ್ ಮಾಡಿದಳು.

* * *

ಗುರುವಾರ. ಉದ್ದನೆಯ ಮೇಜಿನ ಸುತ್ತ ಏಳು ಜನ. ನಡುವೆ ಕುಲಪತಿ, ಬಲಕ್ಕೆ ಡೀನ್. ಅವಳು ನಿಂತೇ ಮಾತಾಡಿದಳು. ನಾಲ್ಕು ತಪ್ಪು ಒಪ್ಪಿಕೊಂಡಳು, ತಿದ್ದಿದ್ದನ್ನು ತೋರಿಸಿದಳು, ಚಾಲಕರ ಮಾತು ಓದಿದಳು. ಒಬ್ಬರು ಗಡಿಯಾರ ನೋಡಿದರು. ಇನ್ನೊಬ್ಬರು ಆಕಳಿಸಿದರು. ನಿದ್ದೆಯ ಬಗ್ಗೆ ಮಾತಾಡುವಾಗಲೇ ಆಕಳಿಕೆ!

“ತಜ್ಞರ ವರದಿ ಸ್ಪಷ್ಟವಾಗಿದೆಯಮ್ಮ,” ಎಂದರು ಕುಲಪತಿ. “ನಾವೇನು ಮಾಡೋಣ?”

ಆಗಲೇ ಬಾಗಿಲು ತೆರೆದದ್ದು.

ಪಾಯಿಂಟ್ ಮೇಷ್ಟ್ರು! ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡಿದ್ದ. ಎರಡು ದಿನದಿಂದ ಊಟ ಮಾಡಿದ ಹಾಗೆ ಕಾಣುತ್ತಿರಲಿಲ್ಲ.

ಇನ್ನೂ ಏನು ಬಾಕಿ ಇದೆ ಇವನಿಗೆ? ಎಂಟನೇ ತಪ್ಪಾ?

“ಆ ವರದಿ ಬರೆದದ್ದು ನಾನು,” ಎಂದ.

ಡೀನ್ ಕೈಯಲ್ಲಿದ್ದ ಲೋಟ ಮೇಜಿಗೆ ತಾಗಿ ಸದ್ದಾಯಿತು. “ನೀವು ಹೊರಗೆ ಹೋಗಿ!”

“ಹೋಗ್ತೀನಿ ಸರ್, ಒಂದೇ ನಿಮಿಷ. ನಾನು ಬರೆದದ್ದು ಮೂರು ಪುಟ. ಇವರನ್ನು ಖಾಯಂ ಮಾಡಿ ಅಂತ ಬರೆದ ಪುಟವನ್ನ ಡೀನ್ ತೆಗೆದಿಟ್ಟಿದಾರೆ. ಆದರೆ ಆ ಪುಟ ನಿಮಗೆ ಕೊಡೋದಕ್ಕೆ ನಾನು ಬಂದಿಲ್ಲ. ಮೂರೂ ಪುಟ ರದ್ದು ಮಾಡಿ ಅಂತ ಕೇಳೋದಕ್ಕೆ ಬಂದಿದೀನಿ.”

“ಯಾವ ಆಧಾರದ ಮೇಲೆ?” ಕುಲಪತಿಗಳ ಹುಬ್ಬು ಗಂಟಾಯಿತು.

“ಸಂಬಂಧವಿಲ್ಲ ಅಂತ ಸಹಿ ಹಾಕಿದ್ದು ಸುಳ್ಳು.” ಅವನು ಗಂಟಲು ಸರಿಮಾಡಿಕೊಂಡ. “ನಾನು ಇವರನ್ನ ಪ್ರೀತಿಸ್ತೀನಿ.”

ಆಕಳಿಸುತ್ತಿದ್ದವರು ನೆಟ್ಟಗೆ ಕೂತರು.

ಅವಳ ಕೈಯಲ್ಲಿದ್ದ ಹಾಳೆಗಳು ಒಂದೊಂದಾಗಿ ಜಾರಿ ನೆಲ ಸೇರಿದವು. ಎತ್ತಿಕೊಳ್ಳಲೂ ತೋಚಲಿಲ್ಲ. ಏನಂದ? ಏನು... ಏನಂದ ಇವನು?

“ಇವರಿಗೆ ಗೊತ್ತಿಲ್ಲ,” ಅವನು ಅವಳ ಕಡೆ ನೋಡದೆ ಮುಂದುವರಿಸಿದ. “ನಾನು ಯಾವತ್ತೂ ಹೇಳಿಲ್ಲ. ವರದಿ ಕೇಳಿದಾಗಲೇ ಒಲ್ಲೆ ಅನ್ನಬೇಕಿತ್ತು. ಮನಸ್ಸಿನೊಳಗೆ ಇರೋದಕ್ಕೂ ಲೆಕ್ಕಕ್ಕೂ ಸಂಬಂಧ ಇಲ್ಲ ಅಂದುಕೊಂಡೆ. ಆಮೇಲೆ, ಪ್ರೀತಿಯಿಂದ ಹೊಗಳಿದ ಹಾಗೆ ಆಗಬಾರದು ಅಂತ ಬೇರೆ ಯಾರ ಕೆಲಸದಲ್ಲೂ ಹುಡುಕದಷ್ಟು ತಪ್ಪು ಹುಡುಕಿದೆ. ಬೇರೆಯವರಾಗಿದ್ರೆ ನಾಲ್ಕು ಬರೀತಿದ್ದೆ. ಇವರಿಗೆ ಏಳು ಬರೆದೆ.”

ನಾಲ್ಕು! ಅವಳ ಲೆಕ್ಕವೂ ಅದೇ ಆಗಿತ್ತು.

“ಸುಳ್ಳು ಸಹಿಗೆ ಏನು ಶಿಕ್ಷೆ ಗೊತ್ತಲ್ಲ?” ಡೀನ್ ಹಲ್ಲು ಕಡಿದರು.

“ಗೊತ್ತು ಸರ್. ವಜಾ. ಬರ್ಕೊಳ್ಳಿ.”

ಮಂಡಳಿಯವರು ತಲೆ ಹತ್ತಿರ ತಂದು ಗುಸುಗುಸು ಮಾಡಿದರು. ವರದಿ ಬಿದ್ದುಹೋದರೆ ಅವಳನ್ನು ತೆಗೆಯಲು ಕಾರಣವೇ ಉಳಿಯುವುದಿಲ್ಲ. ಕುಲಪತಿ ಕೊನೆಗೆ ನಕ್ಕರು. ಆ ನಗುವೇ ಅವಳಿಗೆ ಹೆದರಿಕೆ ಹುಟ್ಟಿಸಿತು.

“ಸರಿ ಮೇಡಂ. ವರದಿ ರದ್ದು. ನಾಳೆಯೇ ನಿಮಗೆ ಖಾಯಂ ಪತ್ರ. ಒಂದು ಸಣ್ಣ ವಿನಂತಿ... ಆ ದೊಡ್ಡ ಕಂಪನಿಯ ಚಾಲಕರ ಭಾಗ ಒಂದನ್ನ ತೆಗೆದುಬಿಡಿ. ಉಳಿದ ಸಣ್ಣ ಕಂಪನಿಗಳದ್ದು ಇರಲಿ. ಯಾರಿಗೆ ಏನು ಕಮ್ಮಿಯಾಗುತ್ತೆ?”

ಖಾಯಂ ಪತ್ರ... ಅಪ್ಪನ ಔಷಧಿ, ಮನೆ ಬಾಡಿಗೆ, ಮೂರು ವರ್ಷದ ಬೆವರು. ಒಂದು ಭಾಗ ತೆಗೆದರೆ ಸಾಕು.

ಕಣ್ಣು ತೆರೆದೇ ನಿದ್ದೆ ಹೋಗುತ್ತಿದ್ದ ಆ ಮುಖಗಳು ಎದುರಿಗೆ ಬಂದವು. ಅವರ ಹಿಂದೆ ಬಸ್ಸಿನ ತುಂಬ ಮಲಗಿದ ಜನ, ಮಕ್ಕಳು...

“ಸರ್,” ಎಂದಳು, “ಆ ಭಾಗ ತೆಗೆದರೆ ನಾನು ಮೂರು ವರ್ಷ ಮಾಡಿದ್ದು ಸಂಶೋಧನೆ ಅಲ್ಲ, ನಿಮ್ಮ ಕಟ್ಟಡಕ್ಕೆ ಸುಣ್ಣ ಬಳಿದ ಹಾಗೆ. ನನಗೆ ನಿಮ್ಮ ಪತ್ರ ಬೇಡ.”

“ಮೇಡಂ, ಆವೇಶದಲ್ಲಿ ಮಾತಾಡಬೇಡಿ...”

“ಆವೇಶ ಸೋಮವಾರ ಇತ್ತು ಸರ್. ಇವತ್ತು ಇಲ್ಲ.”

ನೆಲದ ಹಾಳೆಗಳನ್ನು ಒಂದೂ ಬಿಡದೆ ಎತ್ತಿಕೊಂಡು ಹೊರಗೆ ನಡೆದಳು. ಹಿಂದೆ ಯಾರೋ ಕೂಗಿದರು. ತಿರುಗಲಿಲ್ಲ.

* * *

ಗೇಟಿನಲ್ಲಿ ಕಾವಲುಗಾರ ಪುಸ್ತಕ ಮುಂದೆ ತಳ್ಳಿದ. ಕೆಲಸದ ವೇಳೆ ಹೊರಗೆ ಹೋಗುವವರು ಹೋದ ಸಮಯ, ಮರಳುವ ಸಮಯ ಬರೆಯಬೇಕು.

“ಮೇಡಂ, ವಾಪಸ್ ಬರೋ ಟೈಮ್ ಖಾಲಿ ಬಿಟ್ರಲ್ಲ?”

“ಖಾಲಿನೇ ಇರಲಿ ಅಣ್ಣ.”

ರಸ್ತೆ ದಾಟಿ ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ಹಿಂದಿನಿಂದ ಕಾವಲುಗಾರನ ಧ್ವನಿ ಮತ್ತೆ ಕೇಳಿತು. “ಸರ್, ನೀವೂ ಖಾಲಿ ಬಿಟ್ರಾ? ಏನಾಗಿದೆ ಇವತ್ತು ಎಲ್ಲರಿಗೂ?”

ಅವನು ಏದುಸಿರು ಬಿಡುತ್ತ ಬಂದು ಪಕ್ಕದಲ್ಲಿ ನಿಂತ.

“ಪ್ರೀತಿ ಹೇಳೋದಕ್ಕೆ ಏಳು ಜನರ ಸಭೆ ಬೇಕಿತ್ತಾ?” ಅವಳ ಕಣ್ಣಲ್ಲಿ ನೀರಿತ್ತು, ಧ್ವನಿಯಲ್ಲಿ ಇನ್ನೂ ಸಿಟ್ಟಿತ್ತು. “ಎರಡು ವರ್ಷ ಎದುರಿಗೇ ಕೂತಿದ್ದೆನಲ್ಲ!”

“ನೀವೊಬ್ಬರೇ ಇದ್ದಾಗ ಹೆದರಿಕೆ ಆಗ್ತಿತ್ತು. ಅವರು ಏಳು ಜನ ಇದ್ರೂ ಆಗಲಿಲ್ಲ.”

“ಕೆಲಸ ಹೋಯ್ತಲ್ಲ ನಿಮ್ಮದು...”

“ನಿಮ್ಮದೂ.”

ಅವಳಿಗೆ ನಗು ಬಂತು. ನಗುತ್ತಲೇ ಅಳು ಬಂತು. ಬಸ್ ನಿಲ್ದಾಣದ ಕಲ್ಲಿನ ಮೇಲೆ ಕೂತುಬಿಟ್ಟಳು. ಅವನು ಕೂರಲೋ ಬೇಡವೋ ಎಂದು ನಿಂತೇ ಇದ್ದ.

“ಅಪ್ಪನಿಗೆ ಏನಂತ ಹೇಳಲಿ?”

“ನಾನು ಬಂದು ಹೇಳಲಾ?”

“ಬೈತಾರೆ.”

“ಬೈಲಿ.”

“ಊಟಕ್ಕೂ ಕೂರಿಸ್ತಾರೆ. ಲಾರಿ ಕಥೆ ಶುರು ಮಾಡಿದ್ರೆ ಸಂಜೆ ತನಕ ಬಿಡಲ್ಲ.”

“ಇನ್ನೇನು ಕೆಲಸ ಇದೆ ನನಗೆ?”

ಅವಳು ತಲೆ ಎತ್ತಿ ನೋಡಿದಳು. ತಪ್ಪಾಗಿ ಹಾಕಿದ ಅಂಗಿಯ ಗುಂಡಿ ಕಣ್ಣಿಗೆ ಬಿತ್ತು. ಎದ್ದು, ಬಿಚ್ಚಿ, ಸರಿಯಾಗಿ ಹಾಕಿದಳು. ಅವನು ಉಸಿರೂ ಬಿಡದೆ ನಿಂತಿದ್ದ.

“ನನಗೂ ಇಷ್ಟ,” ಎಂದಳು, ಗುಂಡಿಯನ್ನೇ ನೋಡುತ್ತ. “ತುಂಬ ದಿನದಿಂದ.”

“ಏನಂದ್ರಿ?”

“ಇನ್ನೊಂದು ಸಲ ಹೇಳಲ್ಲ. ನಡಿ, ಅಪ್ಪ ಕಾಯ್ತಿರ್ತಾರೆ.”