ಯಜಮಾನರು ಕೇಳದ ಖರ್ಚು

ಮುಂದಿನ ಕೋಣೆಯಲ್ಲಿ ನಾದಿನಿ ಸೂಜಿಗೆ ದಾರ ಪೋಣಿಸಿ, ಹೊಸ ಕ್ರಯಪತ್ರದ ಹಾಳೆಗಳ ಅಂಚು ಸರಿಮಾಡಿ ಹೊಲಿಯುತ್ತಿದ್ದಳು. ಕಾಗದ ದಪ್ಪ. ಸೂಜಿ ದಾಟಬೇಕಾದರೆ ಹೆಬ್ಬೆರಳು ನೋಯುವಷ್ಟು ಒತ್ತಬೇಕಿತ್ತು. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಒಳಕೋಣೆಯಿಂದ ಅತ್ತಿಗೆ ಮಾರುವವರಿಗೂ ಕೊಳ್ಳುವವರಿಗೂ ಕರಡು ಓದಿ ಹೇಳುವ ದನಿ ಒಂದೇ ಸಮನೆ ಕೇಳುತ್ತಿತ್ತು. ಕೊನೆಯ ಗಂಟು ಹಾಕಿ, ದಾರವನ್ನು ಹಲ್ಲಿನಿಂದ ಕಡಿದು, ಅವಳು ಟೀ ಮಾಡಲು ಎದ್ದಳು.

ಅತ್ತಿಗೆ ಮನೆ ಕೊಡುಕೊಳ್ಳುವವರ ವಕೀಲರು. ಪತ್ರ ಬರೆಯುವುದಕ್ಕಿಂತ ಪತ್ರದ ಹಿಂದಿನ ಕಿತಾಪತಿ ಹಿಡಿಯುವುದರಲ್ಲೇ ಅವರ ಹೆಸರು ಹೆಚ್ಚು ಓಡಾಡುತ್ತಿತ್ತು. ಒಂದೇ ಮನೆಯನ್ನು ಇಬ್ಬರಿಗೆ ಮಾರಿದವನನ್ನು, ಬದುಕಿರುವ ಅಕ್ಕನನ್ನು ಸತ್ತಳೆಂದು ಬರೆಸಿದವನನ್ನು ಇದೇ ಮೇಜಿನ ಮುಂದೆ ಬೆವರುವಂತೆ ಮಾಡಿದ್ದರು. ಅಣ್ಣನ ಮದುವೆಯಾದಾಗಿನಿಂದ ನಾದಿನಿ ಅವರ ನೆರಳು. ಎಂಟನೇ ತರಗತಿಗೇ ಶಾಲೆ ಬಿಟ್ಟವಳು, ಹೊಸಬರ ಎದುರು ಬಾಯಿ ಬಿಡುವವಳಲ್ಲ. ಅತ್ತಿಗೆ ಅವಳನ್ನು ಮೌನಗೌರಿ ಅಂತಲೇ ಕರೆಯುತ್ತಿದ್ದರು.

ಮೇಜಿನ ಮೇಲೆ ಪ್ಲಾಸ್ಟಿಕ್ ಕವರಿನಲ್ಲಿ ಮನೆಯ ಮೂಲಪತ್ರವಿತ್ತು. ಮಡಿಚಿದರೆ ಹಪ್ಪಳದಂತೆ ಮುರಿಯುವ ಹಳೆಯ ಕಾಗದ. ಅದನ್ನು ಆ ದಿನ ಬೆಳಿಗ್ಗೆ ತಂದುಕೊಟ್ಟವರು ಮಾರುವ ಕಡೆಯ ಅಣ್ಣ ತಂಗಿ. ಅಣ್ಣನನ್ನು ಎಲ್ಲರೂ ಯಜಮಾನರೆನ್ನುತ್ತಿದ್ದರು. ಕೊಳ್ಳುವವಳು ಆಸ್ಪತ್ರೆಯ ನರ್ಸು. ಬಾಡಿಗೆ ಮನೆ ಖಾಲಿ ಮಾಡಿ, ಮಂಚ, ಬೀರು, ಅತ್ತೆಯ ಗಾಲಿಕುರ್ಚಿ ಎಲ್ಲವನ್ನೂ ಲಾರಿಗೆ ಹೇರಿ, ಅತ್ತಿಗೆಯ ಮನೆಯಲ್ಲೇ ಇದ್ದ ಕಚೇರಿಯ ಎದುರಿಗೇ ನಿಲ್ಲಿಸಿದ್ದಳು. ಲಾರಿಯ ಮುಂದಿನ ಸೀಟಿನಲ್ಲಿ ಅತ್ತೆ ಕೂತಿದ್ದರು. ಕರಾರಿನ ಗಡುವು ಆ ದಿನವೇ. ಅಷ್ಟರಲ್ಲಿ ನೋಂದಣಿಯಾಗದಿದ್ದರೆ ಮಾರುವವರು ಮುಂಗಡ ವಾಪಸ್ ಕೊಟ್ಟು ಕೈತೊಳೆದುಕೊಳ್ಳಬಹುದಿತ್ತು.

ಆದರೂ ಅವಳು ನಗುತ್ತಲೇ ಬಂದಿದ್ದಳು. "ಯಜಮಾನರು ಎಂಥಾ ದೊಡ್ಡ ಮನಸ್ಸಿನವ್ರು ನೋಡಿ ಮೇಡಂ. ನಾವು ಕೇಳೇ ಇರ್ಲಿಲ್ಲ, ಮುಂದಿನ ಗೋಡೆಗೆಲ್ಲ ಬಣ್ಣ ಹೊಡ್ಸಿದಾರೆ!"

ಯಜಮಾನರು ಮುಜುಗರದಿಂದ ಕೆಮ್ಮಿದ್ದರು. ಅವರಿಗೆ ಹೊಗಳಿಕೆ ಹೊಸದು. ಕರಾರಿನ ಕಾಲದಿಂದ ಅವರು ಅತ್ತಿಗೆಯ ತಲೆ ತಿಂದದ್ದು ಅಷ್ಟಿಷ್ಟಲ್ಲ. ಮುದ್ರಾಂಕ ಶುಲ್ಕ ಯಾರದು, ಜೆರಾಕ್ಸ್ ಯಾರದು, ಸಾಕ್ಷಿಗಳ ಕಾಫಿ ಯಾರದು, ಎಲ್ಲಕ್ಕೂ ತಕರಾರು. ಬಂದಾಗಲೆಲ್ಲ ಖಾಲಿ ಕೋಣೆಯ ಫ್ಯಾನು ಆರಿಸುವರು. ಹೋಗುವಾಗ ಮೂಲೆಯ ಹಳೆಯ ಪೇಪರನ್ನು ಕಂಕುಳಲ್ಲಿ ಇಟ್ಟುಕೊಂಡು, "ಬಿಸಾಕೋದು ತಾನೆ?" ಎನ್ನುವರು.

ನಾದಿನಿ ಅಡುಗೆಮನೆಯಲ್ಲಿ ಟೀ ಸೋಸುವಾಗ ಮುಂದಿನ ಕೋಣೆಯಲ್ಲಿ ಓಡಾಟ ಕೇಳಿಸಿತು. ತಟ್ಟೆ ಹಿಡಿದು ಬಂದರೆ ಫ್ಯಾನು ನಿಂತಿತ್ತು. ಬಾಗಿಲ ಪಕ್ಕದ ಕುರ್ಚಿಯ ಮೇಲೆ ಹಳೆಯ ಪೇಪರಿನ ಕಟ್ಟು, ಹೊಸ ಸಣಬಿನ ಹುರಿಯಿಂದ ಬಿಗಿದು ಕಟ್ಟಿದ್ದು. ಲೋಟ ಇಡಲೆಂದು ಪ್ಲಾಸ್ಟಿಕ್ ಕವರು ಸರಿಸಿದಳು. ಅದು ಗಾಳಿಗೆ ಹಾರುವಷ್ಟು ಹಗುರವಾಗಿತ್ತು.

"ಅತ್ತಿಗೇ!"

ಅವಳು ಅಷ್ಟು ಜೋರಾಗಿ ಕೂಗಿದ್ದು ಆ ಮನೆಯಲ್ಲಿ ಅದೇ ಮೊದಲು. ಎಲ್ಲರೂ ಓಡಿ ಬಂದರು. ಮೇಜಿನ ಕೆಳಗೆ, ಕಪಾಟಿನ ಹಿಂದೆ, ಕಸದ ಬುಟ್ಟಿಯಲ್ಲಿ ಹುಡುಕಿದರು. ಪತ್ರವಿಲ್ಲ.

"ನರ್ಸಮ್ಮ ನನ್ನ ಪಕ್ಕ ಬಿಟ್ಟು ಎದ್ದಿಲ್ಲ," ಎಂದರು ಅತ್ತಿಗೆ. "ಉಳಿದವ್ರು ಯಾರ್ಯಾರು ಈಚೆ ಬಂದ್ರಿ?"

ಈ ಮಾರಾಟ ಕುದುರಿಸಿದ ಬ್ರೋಕರ್ ಫೋನಿನಲ್ಲಿ ಮಾತಾಡಲು ವರಾಂಡಕ್ಕೆ ಹೋಗಿದ್ದ. ಮೈತುಂಬ ಸೆಂಟು ಬಳಿದುಕೊಳ್ಳುವ ಅವನಿಗೆ ಊರಿಟ್ಟ ಹೆಸರು ಸೆಂಟಣ್ಣ. ಯಜಮಾನರು ಫ್ಯಾನು ಆರಿಸಲು ಬಂದಿದ್ದರು. ತಂಗಿ ಕಣ್ಣೊರೆಸಿಕೊಂಡು, "ನಾನೂ ಬಂದಿದ್ದೆ. ಅಪ್ಪನ ಸಹಿ ಒಂದ್ಸಲ ಮುಟ್ಟಿ ನೋಡ್ದೆ. ಮತ್ತೆ ಅಲ್ಲೇ ಇಟ್ಟೆ," ಎಂದರು.

ಕೋಣೆಯ ಕಣ್ಣೆಲ್ಲ ಅವರ ಮೇಲೆ ಬಿತ್ತು. ಯಜಮಾನರು ನಿಟ್ಟುಸಿರು ಬಿಟ್ಟರು. "ಅವಳಿಗೆ ಮನೆ ಮಾರೋದು ಮೊದಲಿಂದ್ಲೂ ಇಷ್ಟ ಇರ್ಲಿಲ್ಲ. ಹೆಣ್ಣು ಜೀವ, ಏನೋ ದುಡುಕಿರ್ಬೇಕು."

"ಅಣ್ಣಾ! ನನ್ನ ಚೀಲ ನೋಡಿ, ಬೇಕಾದ್ರೆ ಸೆರಗು ಕೊಡವ್ತೀನಿ!" ತಂಗಿ ಚೀಲವನ್ನು ಮೇಜಿನ ಮೇಲೆ ಬೋರಲು ಹಾಕಿದರು. ಬಾಚಣಿಗೆ, ಮಾತ್ರೆ, ಕನ್ನಡಕ. ಸೆಂಟಣ್ಣನೂ ಚರ್ಮದ ಬ್ಯಾಗು ತೆರೆದ. ಯಜಮಾನರು ಜೇಬುಗಳನ್ನು ಹೊರಗೆಳೆದು ತೋರಿಸಿದರು. ಏನೂ ಇರಲಿಲ್ಲ.

ನರ್ಸು ಕುಸಿದು ಕೂತಳು. "ಮೇಡಂ, ಹಳೇ ಮನೆ ಬೀಗದ ಕೈ ಕೊಟ್ಟಾಯ್ತು. ಅತ್ತೇನ ಎಲ್ಲಿಗೆ ಕರ್ಕೊಂಡು ಹೋಗ್ಲಿ?"

ಅತ್ತಿಗೆ ನಿಧಾನವಾಗಿ ಹೇಳಿದರು: "ಮೂಲಪತ್ರ ಕೈಗೆ ಬರದೆ ಬ್ಯಾಂಕು ಸಾಲದ ಚೆಕ್ ಬಿಡಲ್ಲ. ಕಳೆದಿದ್ದು ನಿಜ ಆದ್ರೆ ಪೊಲೀಸ್ ದೂರು, ಪೇಪರ್‌ನಲ್ಲಿ ಪ್ರಕಟಣೆ, ಪ್ರಮಾಣಪತ್ರ, ನೋಂದಣಿ ಕಚೇರಿಯಿಂದ ದೃಢೀಕೃತ ನಕಲು. ವಾರಗಟ್ಟಲೆ ಹಿಡಿಯುತ್ತೆ. ಖರ್ಚೆಲ್ಲ ಮಾರೋರದ್ದು. ನನ್ನ ಫೀಸೂ ಬೇರೆ."

"ಅಯ್ಯೋ, ನಾನು ಸಾಲ ಕೊಟ್ಟೋರಿಗೆ ಸಂಜೇನೇ ಕಮಿಷನ್ ಬರುತ್ತೆ ಅಂತ ಹೇಳ್ಬಿಟ್ಟಿದೀನಿ," ಎಂದು ಸೆಂಟಣ್ಣ ತಲೆ ಕೆರೆದುಕೊಂಡ.

"ಎಷ್ಟಾಗುತ್ತಮ್ಮ?" ತಂಗಿ ಕೇಳಿದರು. "ನನ್ನ ಪಾಲಲ್ಲೇ ಹಿಡ್ಕೊಳ್ಳಿ. ಈ ತಾಯಿ ಬೀದೀಲಿ ನಿಲ್ಲೋ ಹಾಗಾಗ್ಬಾರ್ದು."

"ಆಗ್ಲಿ ಬಿಡಿ, ಏನು ಕ್ರಮ ಇದ್ಯೋ ಹಾಗೇ ಮಾಡೋಣ," ಎಂದರು ಯಜಮಾನರು. "ನಮ್ಮ ಹಣೇಲಿ ಬರ್ದಿದ್ದು." ಕುರ್ಚಿಯಿಂದ ಪೇಪರಿನ ಕಟ್ಟು ಎತ್ತಿಕೊಂಡು ಚಪ್ಪಲಿಯತ್ತ ಹೊರಟರು.

"ಕೂತ್ಕೊಳ್ಳಿ ಯಜಮಾನ್ರೇ. ಟೀ ಆರಿ ಹೋಗ್ತಿದೆ. ನಮ್ಮ ಮೌನಗೌರಿ ಮಾಡಿದ್ದು, ಬಿಟ್ಟು ಹೋದ್ರೆ ಬೇಜಾರು ಮಾಡ್ಕೊತಾಳೆ."

ಸಕ್ಕರೆ ತರುವ ನೆಪದಲ್ಲಿ ಅತ್ತಿಗೆ ಅಡುಗೆಮನೆಗೆ ಬಂದರು. "ಏನು ಕಂಡೆಯೇ?"

ನಾದಿನಿ ತಗ್ಗಿದ ದನಿಯಲ್ಲಿ, "ಹುರಿ," ಎಂದಳು. "ನಮ್ಮನೇದಲ್ಲ. ಅವ್ರ ಮನೆಯಿಂದ್ಲೇ ತಂದಿದಾರೆ."

ಅತ್ತಿಗೆ ಅವಳ ಕೆನ್ನೆ ಹಿಂಡಿ, ಸಕ್ಕರೆ ಡಬ್ಬ ಮರೆತೇ ಹೊರಟರು.

ಎಲ್ಲರನ್ನೂ ಮೇಜಿನ ಸುತ್ತ ಕೂರಿಸಿ, ಲಾರಿಯಲ್ಲಿದ್ದ ಅತ್ತೆಗೂ ಒಂದು ಲೋಟ ಕಳಿಸಿ, ಅತ್ತಿಗೆ ಮಾತು ಶುರು ಮಾಡಿದರು. "ಪತ್ರ ಕದ್ದೋರು ಅದನ್ನ ಹರಿದಿಲ್ಲ, ಸುಟ್ಟಿಲ್ಲ. ಯಾಕೆ ಗೊತ್ತಾ? ಅದಿಲ್ದೆ ಆ ಮನೆ ಇನ್ಯಾರಿಗೂ ಸುಲಭವಾಗಿ ಮಾರಕ್ಕಾಗಲ್ಲ. ಮಾರೋದು ಬೇಡ ಅನ್ನೋರಾಗಿದ್ರೆ ಚೂರು ಮಾಡ್ತಿದ್ರು. ಇಲ್ಲಿ ಚೂರೂ ಸಿಗ್ಲಿಲ್ಲ, ಬೂದೀನೂ ಸಿಗ್ಲಿಲ್ಲ. ಹಾಗಾಗಿ ಕದ್ದೋರಿಗೆ ಮನೆ ಮಾರ್ಲೇಬೇಕು. ಇವತ್ತಲ್ಲ, ಈ ನರ್ಸಮ್ಮನಿಗಲ್ಲ, ಅಷ್ಟೇ."

ಸೆಂಟಣ್ಣ ಲೋಟ ಕೆಳಗಿಟ್ಟ. "ನನ್ನ ಕಡೆ ಯಾಕೆ ನೋಡ್ತೀರಿ ಮೇಡಂ?"

"ನಿಮ್ಮ ಮೇಲೂ ಕಣ್ಣಿತ್ತು. ಆದ್ರೆ ಬಣ್ಣ ಹೊಡ್ಸಿದ್ದು ನೀವಲ್ವಲ್ಲ. ಮಾರಿದ ಮನೆ, ಬೆಲೆ ನಿಗದಿ ಆಗಿರೋ ಮನೆ. ಸಾಕ್ಷಿಗಳ ಕಾಫಿಗೂ ಜಗಳ ಆಡಿದ ಮನುಷ್ಯ ಅದಕ್ಕೆ ಯಾಕೆ ಬಣ್ಣ ಹೊಡ್ಸ್ತಾರೆ? ಬೇರೆ ಯಾರಿಗೋ ತೋರ್ಸಕ್ಕೆ. ಸೆಂಟಣ್ಣ, ಹೇಳಿ, ಆ ಮನೆ ನೋಡಕ್ಕೆ ಯಾರಾದ್ರೂ ಬಂದ್ರಾ?"

ಸೆಂಟಣ್ಣ ಯಜಮಾನರ ಕಡೆ ಒಮ್ಮೆ ನೋಡಿದ. "ಹೋದ ಭಾನುವಾರ ಒಂದು ಪಾರ್ಟಿ ಬಂತು. ಹೆಚ್ಚು ಕೊಡ್ತೀನಿ ಅಂದ್ರು. ಮಾರಾಟ ಆಗಿದೆ ಅಂದೆ. ಯಜಮಾನ್ರು ಅವರ ನಂಬರು ಇಸ್ಕೊಂಡ್ರು, ಇನ್ನೊಂದು ಸೈಟಿದೆ, ಅದಕ್ಕೆ ಅಂದ್ರು."

"ಆಯ್ತಾ? ಇನ್ನು ಎರಡನೇದು. ಪತ್ರ ಕಳೆದ್ರೆ ಖರ್ಚು ಮಾರೋರದ್ದು ಅಂದೆ. ತಂಗಿ ಎಷ್ಟು ಅಂತ ಕೇಳಿದ್ರು. ಅಣ್ಣ ಕೇಳ್ಲಿಲ್ಲ! ಜೆರಾಕ್ಸಿಗೆ ಚೌಕಾಸಿ ಮಾಡೋರು ಪೇಪರ್ ಪ್ರಕಟಣೆಗೆ, ನನ್ನ ಹೆಚ್ಚಿನ ಫೀಸಿಗೆ ತುಟಿ ಬಿಚ್ಚಲಿಲ್ಲ. ಯಾಕಂದ್ರೆ ಆ ಖರ್ಚು ಬರೋದೇ ಇಲ್ಲ ಅಂತ ಅವರಿಗೊಬ್ರಿಗೇ ಗೊತ್ತಿತ್ತು. ಗಡುವು ಮುಗಿದ ಮೇಲೆ ಪತ್ರ ಎಲ್ಲೋ ಸಿಕ್ತು ಅಂತ ತಂದಿಡಬಹುದು."

"ಏನಮ್ಮಾ ಇದು, ಮರ್ಯಾದಸ್ಥರನ್ನ ಕೂರಿಸ್ಕೊಂಡು..." ಯಜಮಾನರು ಎದ್ದರು. ಕಟ್ಟು ಕಂಕುಳಲ್ಲೇ ಇತ್ತು.

"ಮೂರನೇದು ನಿಮ್ಮ ಕಂಕುಳಲ್ಲಿದೆ. ಫ್ಯಾನು ಆರ್ಸೋ ನೆಪ ನಿಮಗೆ ಬಿಟ್ಟಿ ಸಿಕ್ತು. ಹಳೇ ಪೇಪರ್ ಯಾರೂ ತಿರುಗಿ ನೋಡಲ್ಲ, ಅಷ್ಟು ಅಭ್ಯಾಸ ಮಾಡ್ಸಿದೀರಿ. ಆದ್ರೆ ಯಾವತ್ತೂ ಕಟ್ಟದೋರು ಇವತ್ತು ಹುರಿ ತಂದು ಕಟ್ಟಿದೀರಿ. ಒಳಗಿನ ಕಾಗದ ಮಡಿಸಿದ್ರೆ ಮುರಿಯುತ್ತೆ, ಸಡಿಲ ಬಿಟ್ರೆ ಜಾರುತ್ತೆ. ಬಿಚ್ಚೇ, ಮೌನಗೌರಿ."

ನಾದಿನಿ ಯಜಮಾನರ ತೋಳಿನಿಂದ ಕಟ್ಟು ಬಿಡಿಸಿಕೊಂಡು, ಗಂಟಿಗೆ ಕತ್ತರಿ ಹಾಕಿದಳು. ನಾಲ್ಕೈದು ಪೇಪರು ಸರಿಸುತ್ತಲೇ ಮೂಲಪತ್ರ ಚಪ್ಪಟೆಯಾಗಿ, ಒಂದು ಮೂಲೆಯೂ ಮುರಿಯದೆ ಮಲಗಿತ್ತು. ನರ್ಸು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

"ಹೇಗೋ ಸೇರ್ಕೊಂಡ್ಬಿಟ್ಟಿದೆ," ಎಂದರು ಯಜಮಾನರು.

"ಅದಕ್ಕೆ ಕಾಲಿದ್ಯಾ?"

ಸೆಂಟಣ್ಣ ನಕ್ಕ, ಆಮೇಲೆ ಯಾರೂ ನಗಲಿಲ್ಲವೆಂದು ಕೆಮ್ಮಿದ. ಅತ್ತಿಗೆ ಕಾರಿನ ಕೀ ತೆಗೆದುಕೊಂಡರು. "ನೋಂದಣಿ ಕಚೇರಿ ಇನ್ನೂ ತೆರೆದಿರುತ್ತೆ. ಬಂದು ಸಹಿ ಹಾಕ್ತೀರೋ, ಪೊಲೀಸ್ ಠಾಣೆಗೆ ಫೋನ್ ಮಾಡ್ಲೋ? ಲಾರಿ ಕಾದಿದ್ದರ ಬಾಡಿಗೆ ಮಾತ್ರ ನಿಮ್ಮದೇ. ಅದಕ್ಕೆ ಚೌಕಾಸಿ ಇಲ್ಲ."

ಯಜಮಾನರು ಹೂಂ ಎಂದು ತಲೆ ಆಡಿಸಿದರು.

ಮೆಟ್ಟಿಲಿಳಿಯುವಾಗ ನರ್ಸು ಲಾರಿಯತ್ತ ಕೈಬೀಸಿ, "ಅತ್ತೇ, ಮನೆ ನಮ್ಮದೇ!" ಎಂದು ಕೂಗಿದಳು. ಸೆಂಟಣ್ಣ ಸ್ಕೂಟರ್ ಹತ್ತಿದ. ಅತ್ತಿಗೆ ಕಾರಿನ ಸ್ಟಿಯರಿಂಗ್ ಮುಂದೆ ಕೂತರು, ಪಕ್ಕದಲ್ಲಿ ನಾದಿನಿ, ಮಡಿಲಲ್ಲಿ ಹೊಸ ಪತ್ರ, ಹಳೆ ಪತ್ರ ಎರಡೂ. ಹಿಂದಿನ ಸೀಟಿನ ಆಚೆ ತುದಿಯಲ್ಲಿ ನರ್ಸು ಕೂತಳು. ಈಚೆ ಬಾಗಿಲಿನಿಂದ ತಂಗಿ ಹತ್ತಿ, ಬಾಗಿಲ ಬದಿಯಲ್ಲೇ ಕೂತು, ಚೀಲವನ್ನು ಮಧ್ಯದ ಖಾಲಿ ಜಾಗದಲ್ಲಿ ಇಟ್ಟರು. ದುಡುಕಿರಬೇಕು ಎಂದ ಅಣ್ಣನ ಮಾತಿನ ನೋವು ಅವರ ಮುಖದ ಮೇಲೆ ಇನ್ನೂ ಇತ್ತು.

ಯಜಮಾನರು ತೆರೆದ ಬಾಗಿಲು ಹಿಡಿದು ಬಗ್ಗಿದರು. ಕನ್ನಡಿಯಲ್ಲಿ ನಾದಿನಿಗೆ ತಂಗಿಯ ಕಣ್ಣು ಕಂಡಿತು. ಅದು ನೆಟ್ಟಗೆ ರಸ್ತೆ ನೋಡುತ್ತಿತ್ತು. ಅತ್ತಿಗೆ ಎಂಜಿನ್ ಶುರು ಮಾಡಿ ಕಾದರು.

"ಸ್ವಲ್ಪ ಸರ್ಕೊಳ್ಳಮ್ಮ ತಂಗಿ," ಎಂದರು ಯಜಮಾನರು. "ನಾನೂ ಕೂತ್ಕೊತೀನಿ."