ಬಾವಿಯ ತಳದ ಬಜಾರು

ಕೆಂಪು ವಸ್ತ್ರದ ಗಂಟು ಬಿಚ್ಚಿದವನು ಅವಿನಾಶ. ಒಳಗಿದ್ದ ಪುಸ್ತಕದ ಮೊದಲ ಪುಟ ತೆರೆದು, ಎಲ್ಲರಿಗೂ ಕೇಳಿಸಲೆಂದು ಗಟ್ಟಿಯಾಗಿ ಓದಿದ.

“ಎಮ್ಮೆಗೆ ಹೊಟ್ಟೆಯುಬ್ಬರ ಕಾಣಿಸಿಕೊಂಡಲ್ಲಿ ಮೊದಲು ಅದರ ಎಡಪಕ್ಕೆಯನ್ನು ಪರೀಕ್ಷಿಸತಕ್ಕದ್ದು.”

“ಎಮ್ಮಿ ಎಲ್ಲಿಂದ ಬಂತೋ?” ಶಾಂತಲಿಂಗಪ್ಪ ಕಾಕಾ ಧ್ವನಿ ಬಂದ ಕಡೆ ಮುಖ ತಿರುಗಿಸಿದರು. “ಚೆನ್ನ ಬಾವಿಗೆ ಇಳೀಬೇಕಲ್ಲಾ? ಮೊದಲನೇ ಪುಟದಾಗನ ಇಳೀತಾನ.”

“ಕಾಕಾ, ಇದು ನಿಮ್ಮ ಪುಸ್ತಕ ಅಲ್ರಿ. ದನದ ಬ್ಯಾನಿ ಪುಸ್ತಕ ಐತಿ.”

ಕಾಕಾ ಕೈ ಚಾಚಿ ಪುಸ್ತಕ ಸವರಿದರು. ಅದೇ ಅಳತೆ, ಅದೇ ದಪ್ಪ. ರಟ್ಟು ಕಿತ್ತುಹೋದ ಬೆನ್ನೂ ಹಾಗೇ ಇತ್ತು.

“ನನ್ನ ಬಜಾರು ಕದ್ದಾರ,” ಎಂದರು.

ನಾನು ಶೀತಲ. ಸೊಲ್ಲಾಪುರದ ಬಾಳೀವೇಸದಲ್ಲಿ ಇವರ ಮನೆಯ ಮಾಳಿಗೆಯಲ್ಲೇ ಬಾಡಿಗೆಗಿದ್ದೇನೆ. ಒಂದು ಮರಾಠಿ ಪತ್ರಿಕೆಗೆ ಕ್ರೈಮ್ ಸುದ್ದಿ ಬರೆಯುತ್ತೇನೆ. ಸರಗಳ್ಳರು, ಬೈಕ್ ಕಳ್ಳರು, ಎಟಿಎಂ ಒಡೆಯುವವರು... ನೋಡಿ ನೋಡಿ ಕಳ್ಳರೆಂದರೆ ಆಕಳಿಕೆ ಬರುತ್ತದೆ. ಆದರೆ ಈ ಕಳವಿಗೆ ಮೈಯೆಲ್ಲ ಉರಿದುಹೋಯಿತು. ‘ಬಾವಿಯ ತಳದ ಬಜಾರು’ ನನ್ನ ಪುಸ್ತಕವೂ ಹೌದು! ದುಧನಿಯ ಕನ್ನಡ ಸಾಲೆಯಲ್ಲಿ ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಓದಿದ್ದು. ಜನ ಬಾವಿಗೆ ಬೀಳಿಸಿಕೊಂಡ ಕೊಡ, ಬಳೆ, ಚಪ್ಪಲಿಗಳೆಲ್ಲ ತಳದ ಬಜಾರಿನಲ್ಲಿ ಮಾರಾಟಕ್ಕೆ ಕೂತಿರುತ್ತವೆ. ಚೆನ್ನ ಎಂಬ ಹುಡುಗ ಅವ್ವನ ಕೊಡ ಹುಡುಕಿಕೊಂಡು ಇಳಿಯುತ್ತಾನೆ. ಇಷ್ಟೇ ಕಥೆ. ಆದರೂ ಇವತ್ತಿಗೂ ಬಾವಿ ಕಂಡರೆ ಬಗ್ಗಿ ನೋಡುತ್ತೇನೆ. ಈ ವಯಸ್ಸಿನ ಹೆಂಗಸು ಬಾವಿಗೆ ಬಗ್ಗಿದರೆ ಜನ ಓಡಿಬರುತ್ತಾರೆ, ಆ ಮಾತು ಬೇರೆ.

ಕಾಕಾನದು ಟವೆಲ್ ವ್ಯಾಪಾರ. ಈಗ ಮಗ ಸಚಿನ ನೋಡಿಕೊಳ್ಳುತ್ತಾನೆ. ಕಾಕಾಗೆ ಕಣ್ಣು ಹೋಗಿ ಎರಡು ವರ್ಷವಾಗುತ್ತ ಬಂತು. ಅಂದಿನಿಂದ ದಿನಾ ಮಧ್ಯಾಹ್ನ ಅವರ ಹೆಂಡತಿ ಲೀಲಾಬಾಯಿ ಕಾಕು ಜೋಕಾಲಿಯ ಪಕ್ಕ ಕೂತು ಆ ಪುಸ್ತಕ ಓದಿ ಹೇಳುತ್ತಾರೆ. ಮುಗಿದರೆ ಮತ್ತೆ ಮೊದಲಿನಿಂದ. ಆ ಒಂದು ತಾಸಿಗಾಗಿಯೇ ಕಾಕಾ ಬೆಳಗಾಗುವುದನ್ನು ಕಾಯುತ್ತಿದ್ದರು.

ಅವಿನಾಶ ಅಕ್ಕಲಕೋಟೆಯ ಕಡೆಯ ಕನ್ನಡ ಸಾಲೆಯ ಮಾಸ್ತರ. ಪುಸ್ತಕವನ್ನು ಮರಳಿ ಅಚ್ಚು ಹಾಕಿಸಿ ತಾಲೂಕಿನ ಮಕ್ಕಳಿಗೆ ಹಂಚಬೇಕೆಂಬುದು ಅವನ ಆಸೆ. ಎಲ್ಲಿ ಹುಡುಕಿದರೂ ಬೇರೆ ಪ್ರತಿ ಸಿಕ್ಕಿರಲಿಲ್ಲ. ಕಾಕಾ ಒಪ್ಪಿದ್ದರು. ಒಂದೇ ಕರಾರು: “ಮೊದಲ ನನ್ನ ಮುಂದ ಪೂರ್ತಿ ಓದು. ಆಮ್ಯಾಲ ಒಯ್ಯಿ.”

ದಸರೆಗೆ ಪುಸ್ತಕ ದೇವರ ಮುಂದೆ ಪೂಜೆಗೆ ಕೂತಿತ್ತು. ವಸ್ತ್ರ ಕಟ್ಟಿದವರು ಸ್ವತಃ ಕಾಕಾ. ಮರುದಿನ ಬಿಚ್ಚಿದರೆ ಎಮ್ಮೆ!

* * *

“ಕನ್ನಡ ಓದಾಕ ಬರೋ ಕಳ್ಳ ಇಂಥಾ ಕೆಲಸ ಮಾಡಾಂಗಿಲ್ರಿ,” ಎಂದೆ. “ಮಾಸ್ತರ ಮೊದಲನೇ ಸಾಲಿಗೇ ಹಿಡೀತಾನಂತ ಅವಗ ಗೊತ್ತಿರ್ತದ. ಯಾರಿಗಿ ಎಲ್ಲಾ ಕನ್ನಡನೂ ಒಂದೇ ಥರಾ ಕಾಣ್ತದೋ, ಅವರೇ ಇದನ್ನ ಇಟ್ಟಾರ.”

ಬಾಯಿ ಮುಚ್ಚಿಕೊಂಡಿರಬೇಕಿತ್ತು. ಎಲ್ಲರಿಗೂ ಗೊತ್ತಿದ್ದ ಹಾಗೆ ಆ ಮನೆಯಲ್ಲಿ ಕನ್ನಡ ಓದಲು ಬಾರದವರು ಇಬ್ಬರೇ. ಸಚಿನ ಅಂಗಡಿಯಲ್ಲಿ ದಿನವಿಡೀ ಕನ್ನಡದಲ್ಲೇ ಜಗಳಾಡುತ್ತಾನೆ, ಆದರೆ ಓದಿದ್ದು ಮರಾಠಿ. ಅವನ ಹೆಂಡತಿ ಸಾಯಲಿ ಬಾರ್ಶಿಯ ಹುಡುಗಿ, ಮನೆಮಾತೇ ಮರಾಠಿ. ದಸರೆಯ ಮುಂಚೆ ಮನೆ ಸ್ವಚ್ಛ ಮಾಡಿ ರದ್ದಿ ಹಾಕಿದವಳೂ ಅವಳೇ.

ಕಾಕಾ ಜೋಕಾಲಿಯಿಂದ ಎದ್ದು ನಿಂತರು. “ಸಾಯಲಿ, ರದ್ದಿಗೆ ಹಾಕಿದೇನು? ಅಂಜಿ ಬ್ಯಾರೇದು ಇಟ್ಟೀ?”

“ಮೀ ನಾಹೀ, ಬಾಬಾ!” ಸಾಯಲಿ ಅತ್ತೇಬಿಟ್ಟಳು. ತಾನಲ್ಲ, ತಾನು ಮುಟ್ಟಿಯೇ ಇಲ್ಲ ಎಂದಳು. ಕಾಕಾ ಕೇಳಲಿಲ್ಲ. ಅವಳು ಒಳಗೆ ಹೋಗಿ ತವರಿಗೆ ಹೋಗುವ ಬ್ಯಾಗು ಹೊರಗೆಳೆದಳು. ಲೀಲಾಬಾಯಿ ಕಾಕು ಬಾಗಿಲಲ್ಲಿ ನಿಂತು ಸೆರಗಿನ ತುದಿ ತಿರುವುತ್ತಿದ್ದರು.

ಹಚ್ಚಿದ ಬೆಂಕಿ ನಾನೇ ಆರಿಸಬೇಕಲ್ಲ. ರದ್ದಿ ಅಂಗಡಿಗೆ ಓಡಿದೆ. ಅಂಗಡಿಯ ರೇವಣ್ಣ ಅವರ ಮನೆಯ ಕಟ್ಟನ್ನು ಇನ್ನೂ ಬಿಚ್ಚಿರಲಿಲ್ಲ. ನಾನೇ ಬಿಚ್ಚಿದೆ. ಎಲ್ಲ ಮರಾಠಿ ಪೇಪರು. ಹುಡುಗಿ ಪಾಪ ನಿರಪರಾಧಿ. ಇನ್ನು ಸಚಿನ? ಅವಿನಾಶನನ್ನು ಹುಡುಕಿ ಮನೆಗೆ ಕರೆತಂದವನೇ ಅವನು. ಕದಿಯುವವನು ಮಾಸ್ತರನನ್ನು ಯಾಕೆ ಕರೆಯುತ್ತಾನೆ?

* * *

ಮರುದಿನ ಮಧ್ಯಾಹ್ನ ಕಾಕಾ ತಾಟಿನ ಮುಂದೆ ಸುಮ್ಮನೆ ಕೂತಿದ್ದರು.

“ಉಣ್ರಿ ಕಾಕಾ.”

“ಏನ ಉಣ್ಲಿ? ಕಡಕ್ ಭಕ್ರಿ ತೀರ್ಯಾವಂತ. ಮೆತ್ತಂದು ನನಗ ಸೇರೂದಿಲ್ಲ.” ತಾಟು ಸರಿಸಿ, “ಆಡು ಬಾವೀ ಪಾವಟಗಿ ಮೆಟ್ಟಲಾ ಏರಾಕತ್ತಿತ್ತು. ಕಥಿ ಅಲ್ಲಿಗೇ ನಿಂತದ,” ಎಂದರು.

“ಯಾವ ಆಡ್ರಿ?”

“ಕರೀ ಆಡವಾ. ಬಜಾರದಾಗ ಚೆನ್ನಗ ಸಿಗ್ತದಲ್ಲಾ, ಬೆನ್ನ ಬಿಡೂದಿಲ್ಲ. ನನಗೂ ಮರ್ತಿತ್ತು. ನಿಮ್ಮ ಕಾಕು ಓದಿದ ಮ್ಯಾಲ ನೆನಪಾತು. ಸಣ್ಣಾಂವ ಇದ್ದಾಗ ಅದನ್ನ ಓದಿ ಅತ್ತಿದ್ದೆ.”

ನನಗೆ ಆ ಆಡು ನೆನಪಿರಲಿಲ್ಲ. ಕೊಡ ಮಾರುವ ಮುದುಕಿ ನೆನಪಿದ್ದಳು, ಒಂಟಿ ಚಪ್ಪಲಿಗಳ ಅಂಗಡಿ ನೆನಪಿತ್ತು. ಆಡು? ವಯಸ್ಸಾಯಿತಲ್ಲ ಶೀತಲ, ಎಂದು ನನಗೇ ಹೇಳಿಕೊಂಡೆ.

“ಸೈದಪ್ಪ ಒಯ್ದಿರಬೇಕು,” ಕಾಕಾ ಪಿಸುಗುಟ್ಟಿದರು. “ದಸರಾಕ್ಕ ಬನ್ನಿ ಕೊಡಾಕ ಕರಜಗಿಯಿಂದ ಬಂದಿದ್ದ. ದೇವರ ಮನ್ಯಾಗ ಕುಂತಿದ್ದ. ಆ ಪುಸ್ತಕ ಮೊದಲ ಅವಂದೇ.”

ಸೈದಪ್ಪ ಕಾಕಾನ ಬಾಲ್ಯದ ಗೆಳೆಯ. ಕನ್ನಡ ಚೆನ್ನಾಗಿ ಓದುತ್ತಾರೆ, ಹಾಗಾಗಿ ನನ್ನ ಲೆಕ್ಕಕ್ಕೆ ಹೊಂದುವುದಿಲ್ಲ. ಆದರೆ ನನ್ನ ಲೆಕ್ಕ ಆಗಲೇ ಒಂದು ಮನೆ ಒಡೆದಿತ್ತು. ಏನಾದರಾಗಲಿ ಎಂದು ಎಸ್‌ಟಿ ಬಸ್ಸು ಹತ್ತಿದೆ.

* * *

ಅಕ್ಕಲಕೋಟೆಯಲ್ಲಿ ಬಸ್ಸು ಬದಲಿಸಿ ಕರಜಗಿಗೆ ಹೋದೆ. ಸೈದಪ್ಪ ಎಸ್‌ಟಿಯಲ್ಲಿ ಕಂಡಕ್ಟರ್ ಆಗಿ ನಿವೃತ್ತರಾದವರು. ಕಟ್ಟೆಯ ಮೇಲೆ ಕೂತಿದ್ದರು.

“ಬಜಾರು ಕಳುವಾತಾ?” ಎದೆಯ ಮೇಲೆ ಕೈಯಿಟ್ಟುಕೊಂಡರು. “ಯಪ್ಪಾ! ಶಾಂತು ಹ್ಯಾಂಗದಾನ?”

“ಉಣ್ಣಾಕ ಒಲ್ಲೆ ಅನ್ನಾಕತ್ಯಾರ. ಅಜ್ಜಾ, ಸಿಟ್ಟಿಗೇಳಬ್ಯಾಡ್ರಿ. ನೀವು ಒಯ್ದಿಲ್ಲಲ್ಲಾ?”

ಸಿಟ್ಟಿಗೇಳಲಿಲ್ಲ, ನಕ್ಕರು. “ನಾನೇ ಕೊಟ್ಟದ್ದು ತಂಗೀ. ಕೊಟ್ಟದ್ದು ಕದೀತಾರೇನು? ಬೇಕಂದ್ರ ಕೇಳ್ತಿದ್ದೆ. ಕೇಳಿದ್ರ ಅಂವ ಕೊಡ್ತಿದ್ದಿಲ್ಲ, ಅದು ಬ್ಯಾರೆ!”

“ಓದಿದ್ದು ನೆನಪೈತೇನ್ರಿ?”

“ಬಾಯಿಪಾಠ!” ಎಂದವರು ಶುರು ಮಾಡಿಯೇಬಿಟ್ಟರು. ಕೊಡದ ಮುದುಕಿ, ಚಪ್ಪಲಿ ಅಂಗಡಿ, ಬಳೆಗಾರ, ಕೊನೆಗೆ ಕೊಡ ಹೊತ್ತು ಚೆನ್ನ ಮೇಲೆ ಬರುವುದು. ನನಗೆ ನೆನಪಿದ್ದಂತೆಯೇ ಇತ್ತು.

“ಕರೀ ಆಡು?”

“ಅದರಾಗ ಆಡೆಲ್ಲಿಂದ ಬಂತು?”

“ಮರ್ತಿರೇನೋ.”

“ಆಡು ಕಾಯ್ಕೋತ ಓದಿದ ಪುಸ್ತಕ ಅದು. ಆಡಿನ ಸುದ್ದಿ ಇದ್ದಿದ್ರ ನನ್ನ ಆಡಿಗೂ ಓದಿ ಹೇಳ್ತಿದ್ನಲ್ಲಾ!”

ಮರಳುವ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ನನ್ನ ಹಣೆಗೆ ನಾನೇ ಬಡಿದುಕೊಂಡೆ. ಪಕ್ಕದ ಮುದುಕಿ ಹೆದರಿ ಸರಿದು ಕೂತಳು.

* * *

ಲೀಲಾಬಾಯಿ ಕಾಕು ಅಡಿಗೆಮನೆಯಲ್ಲಿ ಚಟ್ನಿಗೆ ಶೇಂಗಾ ಹುರಿಯುತ್ತಿದ್ದರು.

“ಕಾಕು, ಒಂದು ಕಡಕ್ ಭಕ್ರಿ ಕೊಡ್ರಿ.”

“ತೀರ್ಯಾವ ಅವ್ವಾ.”

“ಮ್ಯಾಲಿನ ಗಂಟಿನಾಗ ಏನೈತಿ ಹಂಗಾದ್ರ?”

ಹಲಗೆಯ ಮೇಲೆ ಭಕ್ಕರಿ ಸುತ್ತಿಡುವ ಬಿಳಿ ಬಟ್ಟೆಯ ಗಂಟು ಕೂತಿತ್ತು. ಕಾಕು ಹುರಿಯುವುದನ್ನು ಬಿಟ್ಟು ಅದನ್ನೇ ನೋಡಿದರು. ಶೇಂಗಾ ಸೀಯತೊಡಗಿತು. ನಾನೇ ಗ್ಯಾಸು ಆರಿಸಿದೆ.

“ಆಡು ಯಾರದ್ರಿ?”

ಅವರು ಸೌಟು ಕೆಳಗಿಟ್ಟು ನೆಲದ ಮೇಲೆ ಕೂತರು. “ನಂದು,” ಎಂದರು. “ತವರಮನಿ ಹುಲಜಂತ್ಯಾಗ ನಮ್ಮ ಬಾವ್ಯಾಗ ಬಿದ್ದು ಸತ್ತಿತ್ತು. ನಾ ಸಣ್ಣಾಕಿ. ಕಥಿಯಾಗರ ಮ್ಯಾಲ ಬರ್ಲಿ ಅಂತ ಸೇರಿಸಿದೆ.”

“ಕನ್ನಡ ಓದಾಕ ಬರೂದಿಲ್ಲೇನ್ರಿ ನಿಮಗ?”

“ಒಂದ ಅಕ್ಷರ ಬರೂದಿಲ್ಲ. ಕಲ್ತದ್ದು ಮರಾಠಿ ಸಾಲಿ. ಲಗ್ನದ ಮಾತು ನಡೆದಾಗ ಇವರ ಅಪ್ಪ ಕೇಳಿದ್ರು, ಹುಡುಗ ಪುಸ್ತಕದ ಹುಚ್ಚ, ಹುಡುಗಿಗಿ ಕನ್ನಡ ಓದಾಕ ಬರ್ತದೇನು ಅಂತ. ನಮ್ಮಪ್ಪ ಹೂಂ ಅಂದುಬಿಟ್ಟ.”

“ಇಷ್ಟು ವರ್ಷದಾಗ ಒಮ್ಮೆರ ಹೇಳಬಾರದಿತ್ತೇನ್ರಿ?”

“ಒಮ್ಮೆರ ಕೇಳಬಾರದಿತ್ತೇನು ಇವರು?” ಕಾಕುಗೂ ಸಿಟ್ಟು ಬಂತು. ಮರುಗಳಿಗೆಗೇ ಕಣ್ಣು ತುಂಬಿದವು. “ಸಾಯಲಿ ಮ್ಯಾಲ ಬಂತಲ್ಲಾ, ನನಗ ಅನ್ನ ಇಳೀವಲ್ದು. ನೀನೇ ಹೇಳು ಅವ್ವಾ. ನನ್ನ ಬಾಯಿ ಏಳೂದಿಲ್ಲ.”

ಗಂಟು ಇಳಿಸಿಕೊಂಡು ತಾವೇ ಮುಂದೆ ನಡೆದರು.

* * *

ಪಡಸಾಲೆಯಲ್ಲಿ ಎಲ್ಲರನ್ನೂ ಕೂಡಿಸಿದೆ. ಫೋನ್ ಮಾಡಿದ್ದರಿಂದ ಅವಿನಾಶನೂ ಬಂದಿದ್ದ. ಸಾಯಲಿ ಬ್ಯಾಗಿನ ಮೇಲೇ ಕೂತಿದ್ದಳು. ಗಂಟು ಬಿಚ್ಚಿದೆ. ಭಕ್ಕರಿಗಳ ನಡುವೆ ಬಜಾರು.

“ಕಳ್ಳರಿಗಿ ಕನ್ನಡ ಬರೂದಿಲ್ಲ ಅಂದಿದ್ದೆ. ಅದು ಖರೆ,” ಎಂದೆ. “ತಪ್ಪಿದ್ದೆಲ್ಲಿ ಅಂದ್ರ, ದಿನಾ ಓದಿ ಹೇಳೋರನ್ನ ನಾ ಬಿಟ್ಟುಬಿಟ್ಟೆ. ಕಾಕು ಓದ್ತಿದ್ದಿಲ್ರಿ. ಸಚಿನ ಸಣ್ಣಾಂವ ಇದ್ದಾಗ ನೀವೇ ಅವಗ ಹೇಳಿದ ಕಥಿ ಕೇಳಿ ಕೇಳಿ ನೆನಪಿಟ್ಟು, ಪುಸ್ತಕ ಹಿಡ್ಕೊಂಡು ಹೇಳ್ತಿದ್ರು. ಕರೀ ಆಡು ಪುಸ್ತಕದಾಗ ಇಲ್ಲ. ನಾನೂ ಓದೀನಿ, ಸೈದಪ್ಪ ಅಜ್ಜಾನೂ ಓದ್ಯಾರ. ಮಾಸ್ತರ ನಿಮ್ಮ ಮುಂದ ಪೂರ್ತಿ ಓದಿದ್ರ ಬಯಲಾಗ್ತಿತ್ತು. ಅದಕ್ಕ ಮುಚ್ಚಿಟ್ಟು, ನಿಮ್ಮ ಕೈಗಿ ತಿಳೀಬಾರದಂತ ಅದೇ ಅಳತಿ ಹಳೇ ಪುಸ್ತಕ ವಸ್ತ್ರದಾಗ ಇಟ್ರು. ಗಂಟು ಬಿಚ್ಚಬಾರದಂತ ನಿಮಗ ಕಡಕ್ ಭಕ್ರಿ ತಪ್ಪಿತು.”

ಕಾಕಾನ ಮುಖ ಕೆಂಪಾಯಿತು.

“ಎರಡು ವರ್ಷ ನನಗ ಕುಣಿಸಿದಿ?”

ಕಾಕು ತಲೆ ತಗ್ಗಿಸಿದರು.

“ಶೀತಲ, ಓದು. ಮೊದಲಿನಿಂದ ಓದು. ಖರೇ ಪುಸ್ತಕ ಕೇಳ್ತೀನಿ ನಾ.”

ಓದಿದೆ. “ಚೆನ್ನನೆಂಬ ವಿಧೇಯ ಬಾಲಕನಿದ್ದನು. ವಿಧೇಯತೆಯು ಬಾಲಕರಿಗೆ ಭೂಷಣಪ್ರಾಯವಾದುದು. ಆತನು ನಿತ್ಯವೂ ಪ್ರಾತಃಕಾಲದಲ್ಲಿ ಎದ್ದು ದಂತಧಾವನವನ್ನು ಪೂರೈಸಿ...” ಪುಟ ತಿರುವಿದೆ. ಚೆನ್ನ ಇನ್ನೂ ಗುರುಹಿರಿಯರಿಗೆ ನಮಸ್ಕರಿಸುತ್ತಿದ್ದ. ಮತ್ತೆ ತಿರುವಿದೆ. ಶುಚಿತ್ವದ ಮಹತ್ವ ಬಂತು. ಬಾವಿಯ ಸುಳಿವೇ ಇಲ್ಲ. ನಾನು ಸಣ್ಣವಳಿದ್ದಾಗ ಅಪ್ಪಿಕೊಂಡು ಮಲಗಿದ ಪುಸ್ತಕ ಇದೇ ಏನು?

“ನಿಲ್ಸು,” ಎಂದರು ಕಾಕಾ. “ಇಷ್ಟು ಸಪ್ಪಗಿತ್ತೇನು?”

“ಮುಂದ ಬಜಾರು ಬರ್ತದ್ರಿ,” ಅವಿನಾಶ ಸಮಾಧಾನ ಹೇಳಿದ.

“ಬರ್ತದ, ಬರ್ತದ. ಹುಡುಗೂರು ಅದನ್ನ ಹುಡುಕ್ಕೋತ ಓದ್ತಾವ. ನಾವೂ ಹಂಗೇ ಓದಿದ್ದು. ಒಯ್ಯಿ, ಛಾಪಿಸು.” ಕಾಕಾ ಪುಸ್ತಕವನ್ನು ಅವನ ಕೈಗೆ ತುರುಕಿದರು. ಆಮೇಲೆ ಸೊಸೆಯ ಕಡೆ ತಿರುಗಿ ಕೈ ಮುಗಿದರು. “ಸಾಯಲಿ, ಚುಕಲಂ ಮಾಝಂ. ತಪ್ಪು ನಂದು, ಬಾಳಾ.” ಅವಳು ಎದ್ದು ಬಂದು ಆ ಕೈಗಳನ್ನು ಹಿಡಿದು ಬಿಡಿಸಿದಳು.

“ಕಾಕು, ಆಡಿಂದೂ ಸೇರಿಸಿ ಛಾಪಿಸ್ಲೇನ್ರಿ?” ಅವಿನಾಶ ಕೇಳಿದ.

“ಬ್ಯಾಡಪ್ಪಾ. ಅದು ಮನೀ ಆಡು.”

ಎಲ್ಲರೂ ನಕ್ಕರು. ಕಾಕಾ ನಗಲಿಲ್ಲ. ತಡವಿಕೊಂಡು ಹೋಗಿ ಜೋಕಾಲಿಯಲ್ಲಿ ಕೂತರು. ಪಕ್ಕದ ಜಾಗವನ್ನು ಅಂಗೈಯಿಂದ ತಟ್ಟಿದರು. ಕಾಕು ಅಂಜುತ್ತ ಹೋಗಿ ನಿಂತರು.

“ಪುಸ್ತಕ ಒಯ್ದ್ರಲ್ಲಾ. ಏನು ಹಿಡ್ಕೊಂಡು ಓದ್ಲಿ?”

“ಕಣ್ಣಿಲ್ಲದಾಂವಗ ಅಕ್ಷರ ಬಾರದಾಕಿ ಓದಾಕ ಪುಸ್ತಕ ಯಾಕ ಬೇಕ? ಕೂಡು. ಮುಂದ ಹೇಳು.”

ಕಾಕು ಕೂತರು. ಬರಿಗೈ ಮಡಿಲಲ್ಲಿಟ್ಟುಕೊಂಡು ಶುರು ಮಾಡಿದರು. ನನ್ನ ಆಫೀಸಿನಿಂದ ಫೋನ್ ಬಂತು. ಎತ್ತಲಿಲ್ಲ.